ಕೋಳಿ ಮುಚ್ಚಿದ್ಯನೇ?

ನಮ್ಮನೇಲಿ ಕತ್ತಲಾಗಿದ್ದು ಗಡಿಯಾರ ನೋಡಿ ಗೊತ್ತಾಗ್ತಿರ್ಲಿಲ್ಲ. ಅಜ್ಜಿ ಅಡುಗೆಮನೆ ಒಳಗಿಂದ್ಲೇ "ಕೋಳಿ ಮುಚ್ಚಿದ್ಯನೇ?" ಅಂತ ಕೂಗಿದ್ರೆ ಕತ್ತಲಾಯ್ತು ಅಂತ ಲೆಕ್ಕ. ಕೈಕಾಲು ತೊಳೆದ್ಯಾ, ದೀಪ ಹಚ್ಚಿದ್ಯಾ, ಓದಕ್ಕೆ ಕೂತ್ಯಾ, ಇವೆಲ್ಲ ಅದರ ಹಿಂದಿನ ಪ್ರಶ್ನೆಗಳು. ಹೂಂ ಅಂದ್ರೆ ಸಾಲ್ತಿರ್ಲಿಲ್ಲ, "ಎಷ್ಟು?" ಅಂತ ಇನ್ನೊಂದು ಕೇಳ್ತಿದ್ರು. ಲೆಕ್ಕ ತಪ್ಪಿದ್ರೆ ಲಾಟೀನು ಹಿಡ್ಕಂಡು ಹಿತ್ತಲಿಗೆ ಹೋಗ್ಬೇಕು.

ಆ ಮಾತನ್ನ ಈಗ ಕೂತು ಯೋಚಿಸಿದ್ರೆ ಒಂದು ವಿಚಿತ್ರ ಕಾಣುತ್ತೆ. ದನ ಕಟ್ತೀವಿ, ಕರು ಕೂಡ್ತೀವಿ, ಕೋಳಿ ಮಾತ್ರ ಮುಚ್ತೀವಿ. ನಮ್ಮ ಕೋಳಿಗಳು ಇದ್ದಿದ್ದು ಒಡ್ಡಿಲಿ. ಒಡ್ಡಿಗೆ ಬಾಗಿಲಿತ್ತು, ಬಾಗಿಲಿಗೆ ಅಗಳಿ ಇತ್ತು. ಅಲ್ಲಿ ಮುಚ್ಚೋದು ಎಂತ ಬಂತು? ಅಜ್ಜಿ ಹೇಳಿದ ಪ್ರಕಾರ ಅವರು ಮದುವೆಯಾಗಿ ಬಂದಾಗ ಒಡ್ಡಿ ಇರ್ಲಿಲ್ಲ. ನಾಲ್ಕೋ ಐದೋ ಹೇಂಟೆ, ಒಂದು ಹುಂಜ. ಸಂಜೆ ಅವನ್ನ ಜಗಲಿ ಮೂಲೇಲಿ ಕೂರಿಸಿ ಮೇಲೆ ದೊಡ್ಡ ಹೆಡಿಗೆ ಕವುಚಿ ಹಾಕಿ, ಹೆಡಿಗೆ ಮೇಲೆ ಒಂದು ಕಲ್ಲು ಹೇರಿದ್ರೆ ಆಯ್ತು. ಬಯಲುಸೀಮೆ ಕಡೆ ಮಂಕರಿ ಅಂತಾರಲ್ಲ, ಅದೇ. ಹೆಡಿಗೆ ಹೋಗಿ ಒಡ್ಡಿ ಬಂತು, ಮಾತು ಮಾತ್ರ ಹೆಡಿಗೆ ಕಾಲದ್ದೇ ಉಳೀತು ಅಂತ ನನ್ನ ಲೆಕ್ಕ.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಗಲಾಟೆ ಎಂತಕ್ಕೆ ಅಂತ ಆಗ ನಂಗೂ ಅನ್ಸಿತ್ತು. ಮನೇಲಿ ಅಡಕೆ, ಭತ್ತ, ದನ ಎಲ್ಲದರ ದುಡ್ಡೂ ಅಜ್ಜಯ್ಯನ ಪೆಟ್ಟಿಗೆಗೆ ಹೋಗೋದು. ಕೋಳಿ ಮತ್ತೆ ಮೊಟ್ಟೆದು ಮಾತ್ರ ಅಜ್ಜಿದು. ಬಳೆಗಾರ ಬಂದಾಗ, ತವರಿಗೆ ಹೋಗಾಗ, ನನ್ನ ಸ್ಕೂಲಿನ ಪಟ್ಟಿ ಪುಸ್ತಕಕ್ಕೆ, ಎಲ್ಲ ಆ ಗಂಟಿಂದ. ಒಂದು ಕಾವು ಕೂತ ಹೇಂಟೆ ಹೋದ್ರೆ ಹತ್ತು ಹನ್ನೆರಡು ಮರಿ ಹೋದಂಗೆ, ಆ ಮಳೆಗಾಲದ ಕೈಕಾಸೂ ಹೋದಂಗೆ.

ಬರೋರು ಯಾರು ಅಂದ್ರೆ, ನಮ್ಮ ಕಡೆ ಮೊದಲನೇ ಹೆಸರು ಕಬ್ಬೆಕ್ಕಿಂದು. ಹಗಲಿಡೀ ಮರದ ಪೊಟರೇಲೋ ಅಟ್ಟದ ಮೇಲೋ ಮಲಗಿದ್ದು ರಾತ್ರಿ ಇಳಿಯುತ್ತೆ. ಹಣ್ಣು ತಿನ್ನುತ್ತೆ, ಕಾಫಿ ಹಣ್ಣು ಬಿಡಲ್ಲ, ಹಂಗೇ ಕೋಳಿನೂ ಬಿಡಲ್ಲ. ಮರ ಹತ್ತೋದ್ರಲ್ಲಿ ಅದನ್ನ ಮೀರಿಸೋರಿಲ್ಲ. ಆಮೇಲೆ ಕಾಡುಬೆಕ್ಕು, ನರಿ, ಊರ ಬೀದಿ ನಾಯಿ. ಹೆಬ್ಬಾವು ಯಾವಾಗ್ಲೋ ಒಮ್ಮೆ. ನಾಗರಹಾವು ಬಂದ್ರೆ ಮೊಟ್ಟೆ, ಮರಿ ಲೆಕ್ಕ ತಪ್ಪುತ್ತೆ. ಮುಂಗುಸಿ ಹಗಲಿನ ಕಳ್ಳ, ಅದನ್ನ ಈ ಪಟ್ಟಿಗೆ ಸೇರಿಸಲ್ಲ. ಆದ್ರೂ ಬಾಗಿಲು ಹಾಕೋದು ತಡ ಆದ್ರೆ ಸಂಜೆ ಅದೂ ಒಂದು ಕೈ ನೋಡುತ್ತೆ.

ಕೋಳಿಗೆ ರಾತ್ರಿ ಅಂದ್ರೆ ಕುರುಡು. ಹಗಲು ನಮಗಿಂತ ಚೆನ್ನಾಗೇ ಕಾಣುತ್ತೆ, ನಮಗೆ ಕಾಣದ ಅತಿನೇರಳೆ ಬೆಳಕೂ ಕಾಣುತ್ತೆ. ಹೊತ್ತು ಮುಳುಗಿದ್ದೇ ತಡ, ಕೂತಲ್ಲೇ ಕಲ್ಲು. ಎತ್ತಿಕೊಂಡು ಹೋದ್ರೂ ಕೊಕ್ ಅನ್ನುತ್ತೆ ಅಷ್ಟೇ. ಹಂಗಾಗಿ ಅದರ ಪೂರ್ವಜರು ಕಂಡುಕೊಂಡ ಉಪಾಯ ಒಂದೇ, ಕತ್ತಲಾಗೋದರೊಳಗೆ ಮರ ಹತ್ತಿ ಕೂರೋದು. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ನಮ್ಮ ಘಟ್ಟದಲ್ಲಿ ಬೆಳಗ್ಗೆ ಕೂಗೋದು ಅದಲ್ಲ, ಬೂದು ಕಾಡುಕೋಳಿ. ಆದ್ರೆ ಸಾಕುಕೋಳಿ ಕಾಲಿನ ಹಳದಿ ಬಣ್ಣ ಈ ಬೂದು ಕಾಡುಕೋಳಿಯಿಂದ ಬಂದ ಬಳುವಳಿ ಅಂತ 2008ರಲ್ಲಿ ವಂಶವಾಹಿ ನೋಡಿ ವಿಜ್ಞಾನಿಗಳು ಹೇಳಿದ್ರು. ಹಂಗಾಗಿ ದೂರದ ನೆಂಟರು ಅನ್ನಬಹುದು.

ಕೋಳಿ ಮನೆಗೆ ಬಂದಿದ್ದು ಯಾವಾಗ? ಮೊದಲು ಎಂಟು ಸಾವಿರ ವರ್ಷ, ಹತ್ತು ಸಾವಿರ ವರ್ಷ ಅಂತೆಲ್ಲ ಹೇಳ್ತಿದ್ರು. 2022ರಲ್ಲಿ ಹಳೇ ಮೂಳೆಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಿ, ಖಚಿತವಾಗಿ ಸಾಕುಕೋಳಿ ಅನ್ನಬಹುದಾದ ಅತಿ ಹಳೇ ಮೂಳೆ ಥಾಯ್ಲೆಂಡಿನ ಬಾನ್ ನಾನ್ ವಾಟ್ ಅನ್ನೋ ಜಾಗದ್ದು, ಕ್ರಿಸ್ತಪೂರ್ವ 1650ರಿಂದ 1250ರ ನಡುವಿಂದು ಅಂತ ತೀರ್ಮಾನ ಮಾಡಿದ್ರು. ಮಳೆ ನಂಬಿ ಭತ್ತ, ನವಣೆಯಂಥ ಕಾಳು ಬೆಳೀತಿದ್ದ ಜನ. ಚೆಲ್ಲಿದ ಕಾಳಿಗೆ ಕಾಡುಕೋಳಿ ಮರದಿಂದ ಇಳಿದು ಬಂತು, ಅಂಗಳ ಬಿಟ್ಟು ಹೋಗ್ಲಿಲ್ಲ. ನಂಗೆ ಈ ಕತೆ ನಂಬಕ್ಕೆ ಕಷ್ಟ ಆಗಲ್ಲ. ಸುಗ್ಗಿ ಕಣದ ಹತ್ರ ಬಂದು ಕೆದಕೋ ಕಾಡುಕೋಳಿನ ನಾನೇ ನೋಡೀನಿ. ಆದ್ರೆ ಅವತ್ತಿಂದ್ಲೇ ಒಂದು ಕರಾರು ಆದಂಗಾಯ್ತು. ಮರ ಬಿಟ್ಟು ಬಂದ ಕೋಳಿಗೆ ರಾತ್ರಿ ಮರದ ಬದಲು ಮನುಷ್ಯರೇ ಎಂತದಾದ್ರೂ ಕೊಡ್ಬೇಕು.

ನಮ್ಮ ಒಡ್ಡಿ ಹೆಂಗಿತ್ತು ಅಂತ ಹೇಳ್ತೀನಿ. ಬಚ್ಚಲುಮನೆ ಹಿಂದಿನ ಗೋಡೆಗೆ ಆನಿಸಿ, ನೆಲದಿಂದ ಮೊಣಕಾಲೆತ್ತರಕ್ಕೆ ಕಲ್ಲು ಕಟ್ಟಿ ಮೇಲೆ ಹಲಗೆ ಪೆಟ್ಟಿಗೆ. ಒಳಗೆ ಅಡ್ಡಕ್ಕೆ ಎರಡು ಗಳ, ಕೋಳಿ ಕೂರಕ್ಕೆ. ಗಾಳಿಗೆ ಅಡಕೆ ದಬ್ಬೆಯ ಸಂದು, ಎರಡು ಬೆರಳು ಹೋಗೋದು ಕಷ್ಟ. ಬಾಗಿಲು ಮೇಲಕ್ಕೆ ಎತ್ತೋ ಹಲಗೆ. ಸುತ್ತ ನೆಲಕ್ಕೆ ಚಪ್ಪಡಿ. ಬಚ್ಚಲ ಒಲೆ ಹೊಗೆ ಒಂದಿಷ್ಟು ಗೋಡೆ ಕಿಂಡಿಯಿಂದ ಅಲ್ಲಿಗೇ ಹೋಗ್ತಿತ್ತು. ಕಟ್ಟೋನು ತಪ್ಪಿ ಕಿಂಡಿ ಬಿಟ್ಟಿದ್ದಾನೆ ಅಂತ ನಾನು ಬಹಳ ವರ್ಷ ನಂಬಿದ್ದೆ.

ಆಮೇಲೆ ಯಾವಾಗ್ಲೋ ರೋಮಿನ ಕೊಲುಮೆಲ್ಲ ಅನ್ನೋನ ಬಗ್ಗೆ ಓದಿದೆ. ಒಂದನೇ ಶತಮಾನದೋನು, ಹುಟ್ಟಿದ್ದು ಸ್ಪೇನಿನ ಕಾದಿಸ್‌ನಲ್ಲಿ, ಬೇಸಾಯದ ಮೇಲೆ 12 ಪುಸ್ತಕ ಬರೆದಿದ್ದಾನೆ. ಎಂಟನೇದ್ರಲ್ಲಿ ಕೋಳಿ ವಿಚಾರ. ಕೋಳಿಗೂಡು ಒಲೆಗೋ ಅಡುಗೆಮನೆಗೋ ತಾಗಿಕೊಂಡಿರಬೇಕು, ಹೊಗೆ ಕೋಳಿಗೆ ಒಳ್ಳೇದು ಅಂತಾನೆ! ಗೋಡೆಗೆ ಒಳಗೂ ಹೊರಗೂ ನುಣ್ಣಗೆ ಗಾರೆ ಮಾಡಿ, ಬೆಕ್ಕು ಹಾವು ಹತ್ತಿ ಬರಬಾರದು ಅಂತಲೂ ಹೇಳ್ತಾನೆ. ಅವನಿಗಿಂತ ಹಿಂದಿನ ವಾರ್ರೋ, ಕಿಟಕಿಗೆ ಕಡ್ಡಿ ಹೆಣೆದು ಜಾಲರಿ ಮಾಡಿ, ಬೆಳಕು ಬರಲಿ, ಕೋಳಿ ಹಿಡಿಯೋ ಪ್ರಾಣಿ ಬರೋದು ಬೇಡ ಅಂತ ಬರೆದ. ಓದಿ ನಗು ಬಂತು. ನಮ್ಮ ಅಜ್ಜಿ ಲ್ಯಾಟಿನ್ ಓದಿರ್ಲಿಲ್ಲ, ಕೊಲುಮೆಲ್ಲ ಮಲೆನಾಡು ನೋಡಿರ್ಲಿಲ್ಲ. ಬೆಕ್ಕು ಹಾವು ಎರಡೂ ಕಡೆ ಒಂದೇ ಪಾಠ ಕಲಿಸಿರಬೇಕು. ಕಿಂಡಿ ಬಿಟ್ಟೋನ ಕ್ಷಮೆ ಕೇಳಿಕೊಂಡೆ, ಮನಸಲ್ಲೇ.

ಇನ್ನು ತಂತಿ ಬಲೆ ಕತೆ. ಈಗ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದ್ರೂ ಸುರುಳಿ ಸುತ್ತಿ ನಿಲ್ಲಿಸಿರ್ತಾರಲ್ಲ, ಆರು ಮೂಲೆ ಕಣ್ಣಿನ ಕೋಳಿ ಮೆಶ್ಶು, ಅದು ಹುಟ್ಟಿದ್ದು ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ, 1844ರಲ್ಲಿ. ಮಾಡಿದೋನು ಚಾರ್ಲ್ಸ್ ಬರ್ನಾರ್ಡ್, ಕಬ್ಬಿಣ ಸಾಮಾನಿನ ವ್ಯಾಪಾರಿ. ನಾರ್ವಿಚ್ ಆಗ ಉಣ್ಣೆ ಬಟ್ಟೆ ನೇಯೋ ಊರು. ಬಟ್ಟೆ ಮಗ್ಗ ನೋಡಿಕೊಂಡೇ ಅವನು ತಂತಿ ಹೆಣೆಯೋ ಯಂತ್ರ ಮಾಡಿದ. ಅಂದ್ರೆ ಕೋಳಿ ಮೆಶ್ಶು ಒಂಥರಾ ಕಬ್ಬಿಣದ ಬಟ್ಟೆ. ಇದನ್ನ ನೆನಪಿಡಿ, ಮುಂದೆ ಬೇಕಾಗುತ್ತೆ.

ಆ ಬಲೆ ಹೋಗದ ಜಾಗ ಇಲ್ಲ. ಆಸ್ಟ್ರೇಲಿಯಾದಲ್ಲಿ ಮೊಲ ತಡೆಯಕ್ಕೆ 1901ರಿಂದ 1907ರವರೆಗೆ ಕಟ್ಟಿದ ಮೊದಲನೇ ಬೇಲಿಯೇ 1,800 ಕಿಲೋಮೀಟರ್ ದಾಟಿತ್ತು. ಮೊದಲನೇ ಮಹಾಯುದ್ಧದಲ್ಲಿ ಸಿನಾಯ್ ಮರಳುಗಾಡಲ್ಲಿ ಸಿಪಾಯಿಗಳ ಕಾಲು ಹೂತು ಹೋಗ್ತಿತ್ತು ಅಂತ ಇದೇ ಜಾತಿ ತಂತಿ ಬಲೇನ ಮರಳ ಮೇಲೆ ಹಾಸಿ ಮೈಲಿಗಟ್ಟಲೆ ದಾರಿ ಮಾಡಿದ್ರು. 1918ರಲ್ಲಿ ಹೈಫಾ ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದದ್ದೂ ಅದೇ ರಣರಂಗದಲ್ಲಿ. ಕೋಳಿ ವಿಷಯದಿಂದ ದೂರ ಬಂದೆ, ಆದ್ರೆ ನೋಡಿ, ಈ ಎರಡೂ ಕಡೆ ಬಲೆಯ ಕೆಲಸ ಎಂತದು? ಮೊಲ ತಡೆಯೋದು, ಬೂಟು ಹೊರೋದು. ಕಚ್ಚಿ ಎಳೆಯೋರನ್ನ ಎದುರಿಸೋ ಕೆಲಸ ಅಲ್ಲ.

ನಮ್ಮನೆಗೆ ಅದು ಬಂದಿದ್ದು ಗಿರಿರಾಜನ ಜೊತೆ. ಗಿರಿರಾಜ ಅಂದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಬೆಳೆಸಿ 1980ರ ದಶಕದ ಕೊನೇಲಿ ಹೊರಗೆ ಬಿಟ್ಟ ತಳಿ. ಹಿತ್ತಲಲ್ಲೇ ಮೇಯುತ್ತೆ, ಬಣ್ಣ ನಾಟಿಕೋಳಿದೇ, ತೂಕ ನಾಟಿಗಿಂತ ಬಹಳ ಹೆಚ್ಚು. ಆದ್ರೆ ಎರಡು ಕೊರತೆ. ಕಾವು ಕೂರಲ್ಲ, ಮತ್ತೆ ಭಾರಕ್ಕೆ ಮರ ಹತ್ತಲ್ಲ. ನಾಟಿಕೋಳಿ ಒಂದಿನ ಬಾಗಿಲು ಹಾಕಿದ್ರೆ ಹಲಸಿನ ಮರಕ್ಕಾದ್ರೂ ಹಾರುತ್ತೆ, ಇದು ಬಾಗಿಲ ಮುಂದೇ ಕೂತಿರುತ್ತೆ. ಹಳೇ ಒಡ್ಡೀಲಿ ಅಷ್ಟು ದೊಡ್ಡ ಕೋಳಿಗೆ ಜಾಗ ಸಾಲ್ಲಿಲ್ಲ. ಅಪ್ಪಯ್ಯ ಹಿತ್ತಲ ಮಧ್ಯದಲ್ಲಿ, ಮನೆಯಿಂದ ದೂರಕ್ಕೆ, ನಾಲ್ಕು ಕಂಬ ನೆಟ್ಟು ಸುತ್ತ ಕೋಳಿ ಮೆಶ್ಶು ಹೊಡೆದು ಮೇಲೆ ಶೀಟು ಹಾಕಿದ್ರು. ಚೆಂದ ಇತ್ತು, ಗಾಳಿ ಬೆಳಕು ಧಾರಾಳ. ಹಳೇ ಒಡ್ಡಿ ಒಡೆದು ಕಲ್ಲು ದಣಪೆಗೆ ಹಾಕಿದ್ರು. ಅಜ್ಜಿ ಒಂದೇ ಮಾತು ಹೇಳಿದ್ದು: "ಒಳಗಿರೋದು ಹೊರಗೆ ಕಂಡ್ರೆ, ಹೊರಗಿರೋದಕ್ಕೆ ಒಳಗೂ ಕಾಣ್ತದೆ ಕಣಾ." ಮುದುಕಿ ಮಾತು ಅಂತ ಬಿಟ್ವಿ.

ಆಷಾಢದ ಮಳೆ. ಶೀಟಿನ ಸದ್ದಿಗೆ ಬೇರೆ ಎಂತದೂ ಕೇಳ್ಲಿಲ್ಲ. ಬೆಳಗ್ಗೆ ಹೋಗಿ ನೋಡಿದ್ರೆ 11 ಕೋಳಿಲಿ 9 ಸತ್ತು ಬಿದ್ದಿದ್ವು. ತಿಂದಿದ್ದು ಒಂದನ್ನೋ ಎರಡನ್ನೋ. ಬಲೆ ಹತ್ರ ಒತ್ತಿ ಮಲಗಿದ್ದವುಗಳ ತಲೆ ಮಾತ್ರ ಹೋಗಿತ್ತು, ಹೊರಗಿಂದ್ಲೇ ಕಣ್ಣಿನ ಮೂಲಕ ಎಳೆದಿದ್ದು. ಕೆಳಗೆ ಮಣ್ಣಿಗೆ ತಾಗಿದಲ್ಲಿ ತಂತಿ ತುಕ್ಕು ಹಿಡಿದು ಬಟ್ಟೆ ಹರಿದಂಗೆ ಹರಿದಿತ್ತು. ಆಗ ನೆನಪಿಸಿಕೊಳ್ಳಿ, ಕಬ್ಬಿಣದ ಬಟ್ಟೆ ಅಂದಿದ್ನಲ್ಲ. 

ಒಂದು ಪ್ರಾಣಿ ಇಷ್ಟೊಂದು ಯಾಕೆ ಕೊಲ್ಲುತ್ತೆ ಅಂತ ಅಮ್ಮ ಶಾಪ ಹಾಕ್ತಿದ್ರು, ದುಷ್ಟತನ ಅಂತ. ದುಷ್ಟತನ ಅಲ್ಲ ಅದು. ಕಾಡಲ್ಲಿ ಒಂದನ್ನ ಹಿಡಿದ್ರೆ ಉಳಿದವು ಹಾರಿ ಹೋಗ್ತವೆ, ಬೇಟೆ ಅಲ್ಲಿಗೆ ಮುಗೀತು. ಗೂಡೊಳಗೆ ಹಾರಿ ಹೋಗಕ್ಕೆ ಜಾಗ ಇಲ್ಲ. ಕಣ್ಣೆದುರು ರೆಕ್ಕೆ ಬಡೀತಾನೇ ಇದ್ರೆ ಹಿಡಿಯೋ ಚಾಳಿ ನಿಲ್ಲಲ್ಲ. ಅಂದ್ರೆ ಅರ್ಧಂಬರ್ಧ ಭದ್ರ ಇರೋ ಗೂಡು ಗೂಡೇ ಇಲ್ಲದ್ದಕ್ಕಿಂತ ಅಪಾಯ. ಹಲಸಿನ ಮರದ ಮೇಲಿದ್ರೆ ಎರಡು ಹೋಗ್ತಿತ್ತೇನೋ, ಒಂಬತ್ತು ಹೋಗ್ತಿರ್ಲಿಲ್ಲ.

ಅಟ್ಟದ ಮೇಲೆ ಅಜ್ಜಯ್ಯನ ಕಾಲದ ಬೋನಿತ್ತು. ಇಳಿಸೋಣ ಅಂತ ಅಪ್ಪಯ್ಯ ಏಣಿ ತಂದ್ರು. ಆದ್ರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕಬ್ಬೆಕ್ಕು, ಕಾಡುಬೆಕ್ಕು, ನರಿ, ಯಾವುದನ್ನೂ ಹಿಡಿಯಂಗಿಲ್ಲ, ಕೊಲ್ಲಂಗಿಲ್ಲ. ಏಣಿ ವಾಪಸ್ ಹೋಯ್ತು. ಒಂದು ಕೊಂದ್ರೆ ಆ ಜಾಗಕ್ಕೆ ಇನ್ನೊಂದು ಬರುತ್ತೆ ಅನ್ನೋದು ಅಜ್ಜಯ್ಯನಿಗೂ ಗೊತ್ತಿತ್ತಂತೆ.

ಎರಡನೇ ಸಲ ಕಟ್ಟುವಾಗ ಅಜ್ಜಿನ ಕುರ್ಚಿ ಹಾಕಿ ಹಿತ್ತಲಲ್ಲಿ ಕೂರಿಸಿದ್ವಿ. ಮೊದಲು ಜಾಗ ಬದಲಾಯ್ತು, ಮತ್ತೆ ಬಚ್ಚಲ ಗೋಡೆಗೇ. ಕೆಳಗಿನ ಮೂರಡಿ ಕಲ್ಲು, ನುಣ್ಣಗೆ ಸಿಮೆಂಟ್ ಗಾರೆ. ಮೇಲೆ ಕೋಳಿ ಮೆಶ್ಶಲ್ಲ, ಅರ್ಧ ಇಂಚಿನ ವೆಲ್ಡ್ ಮೆಶ್, ಸೇರೋ ಜಾಗದಲ್ಲೆಲ್ಲ ಬೆಸುಗೆ ಇರೋದು. ದುಡ್ಡು ಜಾಸ್ತಿ ಆಯ್ತು, ಸುಳ್ಳು ಹೇಳಲ್ಲ. ಆ ಕಣ್ಣಲ್ಲಿ ಕಬ್ಬೆಕ್ಕಿನ ಕೈ ಹೋಗಲ್ಲ, ದೊಡ್ಡ ಹಾವು ತೂರಲ್ಲ. ಕೂರೋ ಗಳ ಗೋಡೆಯಿಂದ ಒಂದಡಿ ಒಳಗೆ, ಎಳೆದ್ರೂ ಸಿಗಬಾರದು. ಹೊರಗೆ ಸುತ್ತ ಒಂದೂವರೆ ಅಡಿ ಅಗಲಕ್ಕೆ ಚಪ್ಪಡಿ, ನರಿ ನಾಯಿ ಬುಡದಲ್ಲೇ ಕೆರೆಯೋದು, ಅಷ್ಟು ದೂರದಿಂದ ಸುರಂಗ ತೋಡೋ ಬುದ್ಧಿ ಅವಕ್ಕೆ ಬರಲ್ಲ. ಚಪ್ಪಡಿ ಇಲ್ದಿದ್ರೆ ಅಷ್ಟಗಲ ಮೆಶ್ಶನ್ನೇ ನೆಲಕ್ಕೆ ಹಾಸಿ ಮಣ್ಣು ಮುಚ್ಚಬಹುದು. ಅಗಳಿ ಎರಡು, ಒಂದನ್ನ ಮೂತಿಯಿಂದ ಎತ್ತಿದ್ರೂ ಇನ್ನೊಂದು ಇರಲಿ ಅಂತ. ಬಚ್ಚಲ ಕಿಂಡಿ ಬಿಡಿಸಬೇಕು ಅಂತ ನಾನೇ ಹಟ ಹಿಡಿದೆ. ಎಂತಕ್ಕೆ ಅಂತ ಗಾರೆಯವನು ಕೇಳಿದ, ಕೊಲುಮೆಲ್ಲನ ಕತೆ ಅವನಿಗೆ ಹೇಳ್ತಾ ಕೂರಕ್ಕೆ ಹೊತ್ತಿರ್ಲಿಲ್ಲ, "ಹೊಗೆಗೆ ಹೇನು ಕಮ್ಮಿ" ಅಂದೆ. ಒಪ್ಪಿದ.

ಕೆಲವರು ರಾತ್ರಿಯಿಡೀ ಬಲ್ಬು ಹಾಕ್ತಾರೆ, ರೇಡಿಯೋ ಹಚ್ತಾರೆ. ನಾಲ್ಕು ದಿನ ನಡೆಯುತ್ತೆ, ಐದನೇ ದಿನ ಕಬ್ಬೆಕ್ಕು ಅದೇ ಬೆಳಕಲ್ಲಿ ಬಂದು ಹೋಗುತ್ತೆ.

ಅಜ್ಜಿ ಈಗಿಲ್ಲ. ಗೂಡು ಗಟ್ಟಿ ಇದೆ, ಆ ರಾತ್ರಿ ಆದ ಮೇಲೆ ಗೂಡೊಳಗೆ ಒಂದೂ ಹೋಗಿಲ್ಲ. ಆದ್ರೆ ಬಾಗಿಲು ತಾನಾಗೇ ಹಾಕ್ಕೊಳಲ್ಲ, ಕೋಳಿಗೆ ಎಣಿಸಕ್ಕೂ ಬರಲ್ಲ. ಮೊನ್ನೆ ಸಂಜೆ 14 ಇರಬೇಕಾದ್ದು 13 ಇತ್ತು. ಮಗಳ ಕೈಲಿ ಟಾರ್ಚ್ ಕೊಟ್ಟು ಕಳಿಸಿದೆ. ಕಾಲು ಗಂಟೆ ಹುಡುಕಿ ಸೌದೆ ರಾಶಿ ಹಿಂದಿಂದ ಕೂಗಿದ್ಲು, ಪುಳ್ಳೆ ಹೇಂಟೆ ಅಲ್ಲಿ ಕದ್ದು ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತಂತೆ, ಎಂಟು ಮೊಟ್ಟೆ. ಏಳಲ್ಲ, ಮುಟ್ಟಿದ್ರೆ ಕುಕ್ಕುತ್ತೆ ಅಂದ್ಲು. ರಾತ್ರಿ ಅದನ್ನ ಎತ್ತಿದ್ರೆ ಮೊಟ್ಟೆ ಕೆಡುತ್ತೆ, ಬಿಟ್ರೆ ಬೆಳಗ್ಗೆಗೆ ಪುಕ್ಕ ಉಳಿಯುತ್ತೆ. ಅಟ್ಟದಿಂದ ಅಜ್ಜಿಯ ಹೆಡಿಗೆ ಇಳಿಸಿ, ಅದರ ಮೇಲೆ ಹಂಗೇ ಕವುಚಿ, ರುಬ್ಬೋ ಕಲ್ಲಿನ ಗುಂಡು ಹೇರಿ ಬಂದ್ವಿ.