ಜಪಾನಿನ ಮೂಕಚಿತ್ರಗಳೂ ಬೆನ್ಶಿಗಳೂ

ಚಲಚ್ಚಿತ್ರವು ಜಪಾನನ್ನು ಪ್ರವೇಶಿಸಿದುದು 1896-97ರಲ್ಲಿ. ಇತರ ದೇಶಗಳಲ್ಲಿ ಮೂಕಚಿತ್ರಕ್ಕೆ ವಾದ್ಯಸಂಗೀತವೂ ಅಕ್ಷರಫಲಕಗಳೂ ಸಾಕಾದುವು. ಜಪಾನೀಯರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಕಾಬುಕಿ ನಾಟಕದಲ್ಲಿಯೂ ಬುನ್ರಾಕು ಬೊಂಬೆಯಾಟದಲ್ಲಿಯೂ ರಂಗದ ಪಕ್ಕದಲ್ಲಿ ಕುಳಿತು ಕಥೆ ಹೇಳುವವನ ಕಂಠಕ್ಕೆ ಕಿವಿ ಪಳಗಿದ ಜನರಲ್ಲವೇ ಅವರು! ಆದುದರಿಂದ ತೆರೆಯ ಬದಿಯಲ್ಲಿ ಬೆನ್ಶಿ ಎಂಬ ಕಥನಕಾರನು ನಿಂತನು. ನಾಯಕನ ಗರ್ಜನೆ, ನಾಯಿಕೆಯ ರೋದನ, ಮುದುಕನ ಗೊಣಗಾಟ, ಎಲ್ಲವೂ ಅವನೊಬ್ಬನ ಕಂಠದಿಂದಲೇ. ನಟರಿಗಿಂತಲೂ ಬೆನ್ಶಿಯ ಹೆಸರನ್ನು ನೋಡಿ ಜನರು ಚಿತ್ರಮಂದಿರಕ್ಕೆ ಬರುತ್ತಿದ್ದುದುಂಟು.

1931ರಲ್ಲಿ ಗೋಶೋ ಹೇಯಿನೊಸುಕೆಯ ವಾಕ್ಚಿತ್ರವು ಜಯಗಳಿಸಿತು. ಅನ್ನ ಕಳೆದುಕೊಳ್ಳುತ್ತಿದ್ದ ಬೆನ್ಶಿಗಳು ಮುಷ್ಕರ ಹೂಡಿದರು, ಫಲಿಸಲಿಲ್ಲ. ಅವರ ಮುಂದಾಳುಗಳಲ್ಲೊಬ್ಬನಾದ ಕುರೋಸಾವ ಹೇಯಿಗೋ 1933ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಅವನಿಂದ ಚಿತ್ರಗಳ ರುಚಿಯನ್ನು ಕಲಿತ ತಮ್ಮ ಅಕಿರನೇ ಮುಂದೆ ‘ರಾಶೋಮೊನ್’ ಚಿತ್ರವನ್ನು ನಿರ್ದೇಶಿಸಿದವನು. 1951ರಲ್ಲಿ ಅದು ವೆನಿಸ್ಸಿನಲ್ಲಿ ಸ್ವರ್ಣಸಿಂಹ ಪ್ರಶಸ್ತಿಯನ್ನು ಪಡೆಯಿತು. ಒಂದೇ ಸಾವನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಕಥೆಯದು. ಹೇಳುವ ಬಾಯಿ ಬೇರೆಯಾದರೆ ಕಂಡುದೂ ಬೇರೆಯಾಗುವುದೆಂಬ ಅರಿವು, ಒಂದೇ ಚಿತ್ರವನ್ನು ಹಲವು ಬೆನ್ಶಿಗಳಿಂದ ಕೇಳಿದ್ದ ನಾಡಿಗೆ ತೀರ ಹೊಸತಾಗಿರಲಾರದು.

ಇಂದಿಗೂ ಕೆಲವರು ಬೆನ್ಶಿಗಳು ಆ ಹಳೆಯ ಚಿತ್ರಗಳಿಗೆ ಕಂಠವೀಯುತ್ತಿರುವರು. ಯಂತ್ರವು ಅವರ ಜೀವನೋಪಾಯವನ್ನು ಕಸಿದುಕೊಂಡಿತು. ಕಥೆ ಕೇಳುವ ಮನುಷ್ಯನ ಹಸಿವನ್ನಲ್ಲ.