ಹಲಸೂರು ಕೆರೆಯ ನೀರು ಎಲ್ಲಿಗೆ ಹೋಗುತ್ತದೆ?

ಕೈರೋ ನಗರದ ರೌದಾ ದ್ವೀಪದಲ್ಲಿ ನೈಲ್ ನದಿಯ ನೀರನ್ನು ಅಳೆಯುವ ಹಳೆಯ ಕಂಬವೊಂದಿದೆ. ಅದಕ್ಕೆ ಮಿಕ್ಯಾಸುನ್ನೀಲ್ ಎನ್ನುತ್ತಾರೆ. ಅಬ್ಬಾಸಿ ಖಲೀಫ ಮುತವಕ್ಕಿಲ್ ಕಾಲದಲ್ಲಿ, ಕ್ರಿ.ಶ. 861ರಲ್ಲಿ ಕಟ್ಟಿದ್ದು. ಬಾವಿಯಂಥ ಕಟ್ಟಡದ ನಡುವೆ ನಿಂತ ಆ ಕಂಬದ ಮೇಲೆ ಮೊಳದ ಗುರುತುಗಳಿವೆ. ಇಥಿಯೋಪಿಯಾದ ಬೆಟ್ಟಗಳಲ್ಲಿ ಮಳೆಯಾಗಿ ನದಿ ಉಕ್ಕಿದಾಗ ನೀರು ಎಷ್ಟು ಮೊಳ ಏರಿತೆಂದು ನೋಡಿ ಆ ವರ್ಷದ ಕಂದಾಯ ನಿಗದಿ ಮಾಡುತ್ತಿದ್ದರು. ಹದಿನಾರು ಮೊಳ ಏರಿದರೆ ನೆಮ್ಮದಿ. ತೀರಾ ಕಡಿಮೆಯಾದರೆ ಬರ, ತೀರಾ ಹೆಚ್ಚಾದರೆ ನೆರೆ.

ನೈಲ್ ಕುರಿತು ಜುಮಾದಲ್ಲಿ ಮಾತಾಡಿದಾಗಲೆಲ್ಲ ಯಾರಾದರೊಬ್ಬ ಹುಡುಗ ಬಂದು, "ಹಝ್ರತ್, ನಮ್ಮ ಬೆಂಗಳೂರಿಗೆ ನದಿಯೇ ಇಲ್ಲವಲ್ಲ?" ಎನ್ನುತ್ತಾನೆ. ದೊಡ್ಡವರೂ ಹಾಗೆಯೇ ತಿಳಿದಿದ್ದಾರೆ. ಆದರೆ ನಾವಿರುವುದು ನದಿಯ ಮಡಿಲಲ್ಲೇ. ಅದರ ಹೆಸರು ದಕ್ಷಿಣ ಪಿನಾಕಿನಿ. ನಂದಿ ಬೆಟ್ಟದ ಸಮೀಪ ಹುಟ್ಟಿ, ಹೊಸಕೋಟೆಯ ಮಗ್ಗುಲಲ್ಲಿ ಹರಿದು, ಹೊಸೂರು ಕಡೆ ತಮಿಳುನಾಡು ಸೇರಿ, ಅಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು ಕಡಲೂರಿನ ಬಳಿ ಸಮುದ್ರಕ್ಕೆ ಬೀಳುತ್ತದೆ.

ಬೆಂಗಳೂರು ಇರುವುದು ಒಂದು ದಿಣ್ಣೆಯ ಮೇಲೆ. ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಪಿನಾಕಿನಿಗೆ. ಕಂಟೋನ್ಮೆಂಟಿನ ನೀರು ಹಲಸೂರು ಕೆರೆಗೆ ಇಳಿದು, ಅಲ್ಲಿಂದ ದೊಮ್ಮಲೂರು, ಚಲ್ಲಘಟ್ಟದ ಕಡೆಯಿಂದ ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ನದಿ ಸೇರುತ್ತದೆ. ಹೆಬ್ಬಾಳದ ಕಡೆಯ ನೀರು ಹಲವು ಕೆರೆ ತುಂಬಿಸಿ, ಕೆ.ಆರ್. ಪುರದ ಆಚೆ ಹಳೇ ಮದ್ರಾಸ್ ರಸ್ತೆಯ ಪಕ್ಕದ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಬಂದು ಮುಂದೆ ಸಾಗುತ್ತದೆ. (ಆ ಕೆರೆಗೆ ಹೆಸರು ಬಂದದ್ದು ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದ ಒಬ್ಬ ದಾನಿಯಿಂದ. ಸ್ವಂತ ದುಡ್ಡಿನಲ್ಲಿ ಜನರಿಗೆ ನೀರು ಮಾಡಿಕೊಟ್ಟವರು.)

ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ನಮ್ಮ ಮಿಕ್ಯಾಸ್ ಎಂದರೆ ಅವನೇ.

1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಾಗ ಹಲಸೂರು ಕೆರೆಯೇ ಆಧಾರ. ಜನ ಹೆಚ್ಚಿದರು, ನೀರು ಸಾಲಲಿಲ್ಲ. 1876–78ರ ಬರವಂತೂ ಕೆರೆಗಳನ್ನು ನಂಬಿದವರನ್ನೆಲ್ಲ ನಡುಗಿಸಿತು. 1882ರಲ್ಲಿ ಸ್ಯಾಂಕಿ ಕೆರೆ ಬಂತು. ಅದೂ ಸಾಲದೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ನೀರು ತರಲಾಯಿತು. 1896ರಲ್ಲಿ ಅದು ಊರು ಮುಟ್ಟಿತು. ಆಮೇಲೆ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ.

ಇಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ನಾವದನ್ನು ಗಮನಿಸಲೇ ಇಲ್ಲ ಎನ್ನುವುದು ನನ್ನ ಬೇಸರ. ಸುಮಾರು 100 ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿಸಿ ತಂದ ಕಾವೇರಿಯನ್ನು ಶಿವಾಜಿನಗರದಲ್ಲಿ, ಇಂದಿರಾನಗರದಲ್ಲಿ ಕುಡಿದು, ತೊಳೆದು, ವುಝೂ ಮಾಡಿ ನಾವು ಚರಂಡಿಗೆ ಬಿಡುತ್ತೇವೆ. ಚರಂಡಿ ಇಳಿಯುವುದು ಪೂರ್ವಕ್ಕೆ. ಹೀಗೆ ಒಂದು ನದಿಯ ನೀರು ಕೊಳೆಯಾಗಿ ಇನ್ನೊಂದು ನದಿಗೆ ಸೇರಿತು. ಮಳೆಗಾಲದಲ್ಲಿ ಮಾತ್ರ ಮೈದುಂಬುತ್ತಿದ್ದ ಪಿನಾಕಿನಿ ಈಗ ಬೇಸಿಗೆಯಲ್ಲೂ ಹರಿಯುತ್ತದೆ, ನೊರೆ ಹೊತ್ತು. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದೇವೆ. ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ಎದ್ದಾಗ ಅಲ್ಲಿನ ರೈತರು ಬೊಟ್ಟು ಮಾಡುವುದು ನಮ್ಮ ಕಡೆಗೇ.

ನೀರಿಗಾಗಿ ಜಗಳವಾಡುವ ರಾಜ್ಯಗಳಿಗೆ ಹಳೆಯ ಒಪ್ಪಂದಗಳಿವೆ. ಮೈಸೂರು ಮತ್ತು ಮದ್ರಾಸ್ ನಡುವೆ 1892ರದ್ದು, ಈಜಿಪ್ಟ್ ಮತ್ತು ಸುಡಾನ್ ನಡುವೆ 1959ರದ್ದು. ಎರಡೂ ಕೇಳುವುದು ಎಷ್ಟು ನೀರು ಎಂದು. ಎಂಥ ನೀರು ಎಂದು ಕೇಳುವ ಕಾಲ ಈಗ ಬಂದಿದೆ.

2018ರಿಂದ ಇದೇ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಕೆ.ಸಿ. ವ್ಯಾಲಿ ಯೋಜನೆ ಎಂದು ಹೆಸರು. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಒಣಗಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತೆಂದು ಸಂತೋಷಪಟ್ಟವರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಹೋರಾಡುವವರೂ ಇದ್ದಾರೆ. ನನಗೆ ಎರಡನೆಯವರ ಮಾತು ಸರಿ ಕಾಣುತ್ತದೆ.

ಆ ಕಡೆಯ ಒಂದು ಹಳ್ಳಿಯ ಮಸೀದಿಗೆ ಹೋಗಿದ್ದಾಗ ಜಮಾಅತಿನ ಹಿರಿಯರೊಬ್ಬರು ಕೇಳಿದರು: "ಹಝ್ರತ್, ನಿಮ್ಮೂರಿನ ನೀರು ನಮ್ಮ ಕೆರೆಗೆ ಬಂದಿದೆ. ಇದರಲ್ಲಿ ವುಝೂ ಆಗುತ್ತದೆಯೇ?" ಹಿಜರಿ 1398ರಲ್ಲಿ, ಅಂದರೆ 1978ರಲ್ಲಿ, ಸೌದಿ ಅರೇಬಿಯಾದ ಹಿರಿಯ ಉಲಮಾ ಮಂಡಳಿ ಇದೇ ಪ್ರಶ್ನೆಯನ್ನು ಚರ್ಚಿಸಿತ್ತು. ಬಣ್ಣ, ರುಚಿ, ವಾಸನೆ ಮೂರರಲ್ಲೂ ಕೊಳೆಯ ಗುರುತೇ ಉಳಿಯದಂತೆ ಶುದ್ಧವಾಗಿದ್ದರೆ ಆಗುತ್ತದೆ, ಆದರೆ ಆರೋಗ್ಯಕ್ಕೆ ಹಾನಿಯಿದ್ದರೆ ಕುಡಿಯಬಾರದು ಎಂಬುದು ಅವರ ತೀರ್ಮಾನ. ಅದನ್ನು ಹೇಳಿದೆ. ಅವರು ನನ್ನನ್ನು ಕೆರೆಯ ಏರಿಗೆ ಕರೆದುಕೊಂಡು ಹೋಗಿ, "ನೀವೇ ಮೂಸಿ ನೋಡಿ" ಎಂದರು. ವಾಸನೆಯಿತ್ತು. ಮಸೀದಿಗೆ ಮರಳಿ ಬೋರ್‌ವೆಲ್ ನೀರಿನಲ್ಲಿ ವುಝೂ ಮಾಡಿ ಅಸರ್ ನಮಾಝ್ ಮುಗಿಸಿದೆವು.