ಹೊಳೆಯಾಚೆಯ ತೊಲ

ಹಂಪೆಯ ವಿರೂಪಾಕ್ಷ ದೇವಾಲಯದ ಎದುರಿಗೆ, ತುಂಗಭದ್ರೆಯು ಕವಲೊಡೆದು ಬಳಸಿ ಹರಿಯುವಲ್ಲಿ, ಗದ್ದೆಬಂಡೆಗಳ ನಡುವೆ ನೆಲೆಗೊಂಡಿರುವ ವಿರೂಪಾಪುರಗಡ್ಡೆಯು ಇಂದು ಗಂಗಾವತಿ ತಾಲ್ಲೂಕಿನ ಪುಟ್ಟ ನಡುಗಡ್ಡೆಯಾಗಿ ಮಾತ್ರ ತೋರಿದರೂ, ನಿಜಾಮನು 1800ರಲ್ಲಿ ಬಳ್ಳಾರಿಯ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಂದಿನಿಂದ ಎರಡು ಪ್ರಭುತ್ವಗಳ ಗಡಿಯಲ್ಲಿದ್ದಿತು. ಹರಿಗೋಲಿನಲ್ಲಿ ಹೊಳೆ ದಾಟಿದವನಿಗೆ ಸರ್ಕಾರದೊಡನೆ ನಾಣ್ಯವೂ ತೂಕವೂ ಬದಲಾಗುತ್ತಿದ್ದುವು. ಜೋಳ ಬೆಲ್ಲಗಳ ವ್ಯಾಪಾರದಲ್ಲಿ ಈ ವ್ಯತ್ಯಾಸವು ಚೌಕಾಸಿಯಲ್ಲಿ ಕರಗಿಹೋಗಬಹುದು, ಔಷಧದಲ್ಲಿ ಹಾಗಲ್ಲ.

ರೂಪಾಯಿಯ ತೂಕವೇ ತೊಲವೆಂಬುದು ಜನರ ರೂಢಿ. ಇಂಗ್ಲಿಷರ ರೂಪಾಯಿ, ಅಂದರೆ ಕಲ್ದಾರು, 180 ಗ್ರೇನು ತೂಗುತ್ತಿದ್ದಿತು. ನಿಜಾಮನ ಹಾಲಿ ಸಿಕ್ಕಾ ಸುಮಾರು 172.5 ಗ್ರೇನು. ಏಳು ಹಾಲಿಗೆ ಸುಮಾರು ಆರು ಕಲ್ದಾರೆಂಬುದು ವಿನಿಮಯದ ದರವಾಗಿದ್ದಿತು. ಏಕೆಂದರೆ ಹಾಲಿಯಲ್ಲಿ ಬೆಳ್ಳಿಯ ಪಾಲೂ ಕಡಿಮೆ. ಹೀಗೆ ಮೌಲ್ಯದಲ್ಲಿ ಏಳರಲ್ಲೊಂದು ಪಾಲು ಕುಂದಿದ ನಾಣ್ಯವು ತೂಕದಲ್ಲಿ ಇಪ್ಪತ್ತನಾಲ್ಕರಲ್ಲೊಂದು ಪಾಲು ಮಾತ್ರ ಕುಂದಿರುತ್ತಿದ್ದುದರಿಂದ, ಗಡ್ಡೆಯ ಗೃಹಸ್ಥನೊಬ್ಬನು ರೂಪಾಯಿಯನ್ನು ತಕ್ಕಡಿಗೆ ಹಾಕಿ ಮದ್ದು ತೂಗಿ, ಅದನ್ನು ಸರಾಫನ ವಟ್ಟದ ಲೆಕ್ಕದಿಂದ ತಿದ್ದಿದನೆಂದು ಭಾವಿಸಿದರೆ, ಅವನ ಗಣಿತ ಶುದ್ಧವಾಗಿದ್ದೂ ಮದ್ದಿನ ಪ್ರಮಾಣ ಅಶುದ್ಧವಾಗುತ್ತಿದ್ದಿತು.

ಪಲದ ತೊಡಕು ಇನ್ನೂ ಹೆಚ್ಚು. ಇಂಗ್ಲಿಷರ ಕಡೆಯ ಮದರಾಸಿನ ಕ್ರಮದಲ್ಲಿ ಪಲಕ್ಕೆ ಮೂರು ತೊಲ, ಎಂಟು ಪಲಕ್ಕೆ ಒಂದು ಸೇರು, ಆದುದರಿಂದ ಸೇರಿಗೆ 24 ತೊಲ. ಪಕ್ಕಾ ಸೇರಿಗಾದರೋ 80 ತೊಲ. ವೈದ್ಯಶಾಸ್ತ್ರದ ಪಲವೆಂದರೆ ನಾಲ್ಕು ಕರ್ಷ, ಕರ್ಷವನ್ನು ತೊಲಕ್ಕೆ ಸಮವಾಗಿ ಹಿಡಿಯುವುದು ವೈದ್ಯರ ವಾಡಿಕೆ. ಮದರಾಸು ಕ್ರಮದ ಅಂಗಡಿಯಿಂದ ಒಂದು ಪಲ ಹಿಪ್ಪಲಿಯನ್ನು ತಂದವನಿಗೆ ಕಾಲುಭಾಗ ಕಡಿಮೆ ಬಿದ್ದರೆ ಚೂರ್ಣ ಸಪ್ಪೆಯಾದೀತು, ಅಷ್ಟೆ; ಗುಲಗಂಜಿಯ ಲೆಕ್ಕದಲ್ಲಿ ಕೊಡತಕ್ಕ ವತ್ಸನಾಭವೆಂಬ ವಿಷಮೂಲಿಕೆಯಲ್ಲಿ ಅಂಥ ಎಡವಟ್ಟು ಪ್ರಾಣಕ್ಕೇ ಬಂದೀತು.

ಪ್ರಾಚೀನರು ಇದನ್ನು ಅರಿಯದವರಲ್ಲ. ಮಾಗಧಮಾನ, ಕಾಲಿಂಗಮಾನವೆಂಬ ಎರಡನ್ನೂ ಹೇಳುವ ಶಾರ್ಙ್ಗಧರಸಂಹಿತೆಯು ಮಾಗಧವನ್ನೇ ಮೇಲೆಂದು ಎಣಿಸುತ್ತದೆ. ಮಾಗಧದಲ್ಲಿ ಮಾಷಕ್ಕೆ ಆರು ಗುಂಜೆ (ಗುಲಗಂಜಿ), ಕರ್ಷಕ್ಕೆ ಹದಿನಾರು ಮಾಷ; ಪೇಟೆಯ ತೊಲದಲ್ಲಿ ಮಾಷಕ್ಕೆ ಎಂಟು ಗುಂಜೆ, ತೊಲಕ್ಕೆ ಹನ್ನೆರಡು ಮಾಷ. ಎರಡರ ಮೊತ್ತವೂ 96 ಗುಂಜೆಯೇ! ಮೇಲಿನ ಅಳತೆ ಸರಿಹೊಂದಿತೆಂದು ನಂಬಿ ಕೆಳಗಿನದನ್ನು ಪರೀಕ್ಷಿಸದವನು ಎಡವುವುದು ಇಲ್ಲಿಯೇ.

ಅದೇ ಗ್ರಂಥದ ಶಿಶುಮಾತ್ರಾವಿಧಿ ನನಗೆ ವಿಶೇಷವಾಗಿ ಮೆಚ್ಚುಗೆಯಾದುದು. ಮೊದಲ ತಿಂಗಳ ಕೂಸಿಗೆ ಹಾಲು, ಜೇನು, ಸಕ್ಕರೆ, ತುಪ್ಪಗಳಲ್ಲಿ ಕಲಸಿ ನೆಕ್ಕಿಸತಕ್ಕ ಮದ್ದು ಒಂದು ಗುಂಜೆ; ವರ್ಷ ತುಂಬುವವರೆಗೆ ತಿಂಗಳಿಗೊಂದು ಗುಂಜೆ, ಅನಂತರ ಹದಿನಾರರವರೆಗೆ ವರ್ಷಕ್ಕೊಂದು ಮಾಷ ಏರತಕ್ಕದ್ದು; ಎಪ್ಪತ್ತರವರೆಗೆ ಸ್ಥಿರವಾಗಿದ್ದು, ಮುಂದೆ ಬಾಲಕನಲ್ಲಿ ಏರಿದಂತೆಯೇ ಮೆಲ್ಲಮೆಲ್ಲನೆ ಇಳಿಯತಕ್ಕದ್ದು. ವಯಸ್ಸನ್ನು ವಯಸ್ಸಿಗೆ ಹನ್ನೆರಡು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ, ನಾಲ್ಕು ವರ್ಷದ ಮಗುವಿಗೆ ದೊಡ್ಡವರ ಪ್ರಮಾಣದ ಕಾಲುಭಾಗವನ್ನು ವಿಧಿಸುವ ಇಂಗ್ಲಿಷ್ ವೈದ್ಯ ಯಂಗನ ಸೂತ್ರವು ಕಾಂಪೌಂಡರರಿಗೆ ಸುಲಭವಾಗಿದ್ದರೂ, ಮುದುಕರ ಮಾತನ್ನೇ ಎತ್ತುವುದಿಲ್ಲ.

ಆ ಕಾಂಪೌಂಡರರೊಡನೆ ಬಂದುದು ಮೂರನೆಯ ಮಾನ: 20 ಗ್ರೇನಿಗೆ ಸ್ಕ್ರೂಪಲ್, 60ಕ್ಕೆ ಡ್ರಾಮು, 480ಕ್ಕೆ ಔನ್ಸು. ಓದು ಬಾರದವರ ಅನುಕೂಲಕ್ಕೆ ಕಾಗದದ ಪಟ್ಟಿಯನ್ನು ಮಡಿಸಿ, ಅಂಚನ್ನು ಕಚ್ಚುಕಚ್ಚಾಗಿ ಕತ್ತರಿಸಿ ಮಿಕ್ಸ್ಚರಿನ ಸೀಸೆಗೆ ಅಂಟಿಸುತ್ತಿದ್ದರು; ಕಚ್ಚಿನಿಂದ ಕಚ್ಚಿಗೆ ಇಳಿದ ಮದ್ದೇ ಒಂದು ಹೊತ್ತಿನದು. ಎಲ್ಲ ಪರಿವರ್ತನೆಯನ್ನೂ ಔಷಧಾಲಯದಲ್ಲಿಯೇ ಮುಗಿಸಿ ರೋಗಿಗೆ ಎಣಿಕೆಯನ್ನಷ್ಟೆ ಉಳಿಸಿದ ಈ ಉಪಾಯಕ್ಕೆ ನಾನು ಯಂಗನ ಸೂತ್ರಕ್ಕಿಂತ ಹೆಚ್ಚಿನ ಮನ್ನಣೆ ಕೊಡುತ್ತೇನೆ.

1953ರಲ್ಲಿ ಬಳ್ಳಾರಿಯೂ 1956ರಲ್ಲಿ ಗಡ್ಡೆಯ ಕಡೆಯ ರಾಯಚೂರು ಜಿಲ್ಲೆಯೂ ಮೈಸೂರಿಗೆ ಸೇರಿ ಹೊಳೆಯ ಎರಡು ದಡಗಳೂ ಒಂದೇ ರಾಜ್ಯದವಾದುವು. ಅದೇ 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಫಲವಾಗಿ 1958ರಿಂದ ಗ್ರಾಮು ಲೀಟರುಗಳು ಹಂತಹಂತವಾಗಿ ಬಳಕೆಗೆ ಬಂದುವು. ಆದರೂ ಗ್ರೇನು ಅಳಿಯಲಿಲ್ಲ. ಇಂದಿನ 325 ಮಿಲಿಗ್ರಾಮಿನ ಗುಳಿಗೆ ಐದು ಗ್ರೇನಿನ ಹಳೆಯ ಲೆಕ್ಕವೇ, ಗ್ರೇನಿಗೆ 64.8 ಮಿಲಿಗ್ರಾಮಿನಂತೆ ಗುಣಿಸಿದರೆ ಬರುವುದು 324. ಟೀ ಚಮಚೆ ಮಾತ್ರ ಡ್ರಾಮಿನ ನಂಟನ್ನು ಕಳಚಿಕೊಂಡಿತು: ಹಿಂದೆ ಅದಕ್ಕೆ ಸಮವೆನಿಸಿದ್ದ ದ್ರವದ ಡ್ರಾಮು ಸುಮಾರು 3.55 ಮಿಲಿಲೀಟರು, ಈಗಿನ ಚಮಚೆ 5; ಆದುದರಿಂದ ಹಳೆಯ ಚೀಟಿಯ ಒಂದು ಡ್ರಾಮನ್ನು ಇಂದಿನ ಅಳತೆಯ ಚಮಚೆಯಲ್ಲಿ ಕುಡಿಸಿದವನು ಬರೆದುದಕ್ಕಿಂತ ಐದರಲ್ಲಿ ಎರಡು ಪಾಲು ಹೆಚ್ಚು ಕುಡಿಸಿದಂತಾಗುತ್ತದೆ.